ಹಿಮಾಂಶು ರಾಯ್ ಕಟ್ಟಿದ ಬಾಂಬೆ ಟಾಕೀಸ್ ಅವರ ನಂತರ ಏಕೆ ಉಳಿಯಲಿಲ್ಲ?

ಮಲ್ಲೇಶ್ವರದ ಓದುಗ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳುಗಳಿಂದ 1930ರ ದಶಕದ ಹಿಂದಿ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಬಾಂಬೆ ಟಾಕೀಸ್ ಸಂಸ್ಥೆಯ ಚಿತ್ರ ಬಂದಾಗಲೆಲ್ಲ ನನ್ನನ್ನು ಕಾಡುವ ಒಂದು ಪ್ರಶ್ನೆಯನ್ನು ಬಲ್ಲವರ ಮುಂದೆ ಇಡಬೇಕೆನಿಸಿತು. 1934ರಲ್ಲಿ ಮುಂಬಯಿಯ ಹೊರವಲಯದ ಮಲಾಡ್‌ನಲ್ಲಿ ಹಿಮಾಂಶು ರಾಯ್ ಈ ಸಂಸ್ಥೆಯನ್ನು ಕಟ್ಟಿದರು. 1940ರ ಮೇ 16ರಂದು, ತಮ್ಮ 48ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. 1950ರ ದಶಕದ ನಡುವಿನ ಹೊತ್ತಿಗೆ ಆ ಸಂಸ್ಥೆಯ ಬಾಗಿಲು ಮುಚ್ಚಿತ್ತು. ಬಂಡವಾಳ, ಯಂತ್ರಗಳು, ತರಬೇತಾದ ಜನ, ಜನಪ್ರಿಯ ತಾರೆಯರು, ಗೆದ್ದ ಚಿತ್ರಗಳು, ಇಷ್ಟೆಲ್ಲ ಇದ್ದ ಒಂದು ಸಂಸ್ಥೆ ಹದಿನಾಲ್ಕು ಹದಿನೈದು ವರ್ಷಗಳಲ್ಲಿ ಕರಗಿಹೋದದ್ದು ಹೇಗೆ?

ರಾಯ್ ಅವರ ಹಿನ್ನೆಲೆಯನ್ನು ತಿಳಿಯದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಅವರು 1892ರಲ್ಲಿ ಕಟಕ್‌ನಲ್ಲಿ, ಅನುಕೂಲಸ್ಥ ಬಂಗಾಳಿ ಕುಟುಂಬದಲ್ಲಿ ಹುಟ್ಟಿದವರು. ಕಾನೂನು ಓದಿ ಬ್ಯಾರಿಸ್ಟರ್ ಆಗಲು ಲಂಡನ್ನಿಗೆ ಹೋದವರನ್ನು ಅಲ್ಲಿನ ರಂಗಭೂಮಿ ಸೆಳೆಯಿತು. ಸ್ವಾತಂತ್ರ್ಯ ಹೋರಾಟದ ಧುರೀಣ ಬಿಪಿನ್ ಚಂದ್ರ ಪಾಲ್ ಅವರ ಮಗ ನಿರಂಜನ್ ಪಾಲ್ ಆಗ ಲಂಡನ್ನಿನಲ್ಲಿ ನಾಟಕ ಬರೆಯುತ್ತಿದ್ದರು. ಈ ಇಬ್ಬರ ಸ್ನೇಹದಿಂದ ಹುಟ್ಟಿದ್ದು ಬುದ್ಧನ ಕಥೆಯನ್ನು ಚಿತ್ರವಾಗಿಸುವ ಯೋಚನೆ. ಲಂಡನ್ನಿನಲ್ಲಿ ಹಣ ಸಿಗದಿದ್ದಾಗ ರಾಯ್ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋಗಿ ಎಮೆಲ್ಕಾ ಎಂಬ ಚಿತ್ರಸಂಸ್ಥೆಯ ಬಾಗಿಲು ತಟ್ಟಿದರು. ಕ್ಯಾಮೆರಾ, ತಂತ್ರಜ್ಞರು ಮತ್ತು ನಿರ್ದೇಶಕ ಜರ್ಮನಿಯವರು. ಕಲಾವಿದರು, ಸ್ಥಳ ಮತ್ತು ಹಣ ಭಾರತದ್ದು: ಇದು ಅವರು ಮಾಡಿಕೊಂಡ ಒಪ್ಪಂದ. ನಿರ್ದೇಶಕರಾಗಿ ಫ್ರಾಂಜ್ ಓಸ್ಟನ್, ಛಾಯಾಗ್ರಾಹಕರಲ್ಲಿ ಒಬ್ಬರಾಗಿ ಯೋಸೆಫ್ ವಿರ್ಷಿಂಗ್ ಬಂದರು. ದೆಹಲಿಯ ಗ್ರೇಟ್ ಈಸ್ಟರ್ನ್ ಫಿಲ್ಮ್ ಕಾರ್ಪೊರೇಷನ್ ಹಣ ಹಾಕಿತು, ಜೈಪುರದ ಮಹಾರಾಜರು ಆನೆ, ಕುದುರೆ, ಉಡುಪುಗಳನ್ನು ಒದಗಿಸಿದರು. ಹೀಗೆ 1925ರಲ್ಲಿ ‘ಪ್ರೇಮ್ ಸನ್ಯಾಸ್’, ಅಂದರೆ ‘ದಿ ಲೈಟ್ ಆಫ್ ಏಷ್ಯಾ’, ಸಿದ್ಧವಾಯಿತು. ಗೌತಮನ ಪಾತ್ರವನ್ನು ಸ್ವತಃ ರಾಯ್ ವಹಿಸಿದರು.

ಕೃತಕ ಸೆಟ್ಟುಗಳನ್ನು ಹಾಕದೆ, ನಿಜವಾದ ಅರಮನೆ ಮತ್ತು ಬೀದಿಗಳಲ್ಲಿಯೇ ತೆಗೆದ ಆ ಚಿತ್ರ ಲಂಡನ್ನಿನಲ್ಲಿ ತಿಂಗಳುಗಟ್ಟಲೆ ನಡೆಯಿತು. ಐದನೆಯ ಜಾರ್ಜ್ ದೊರೆಗಾಗಿ ವಿಂಡ್ಸರ್ ಅರಮನೆಯಲ್ಲಿ ಪ್ರದರ್ಶನವೂ ಆಯಿತು. ಆದರೆ ನಮ್ಮ ದೇಶದಲ್ಲಿ ಅದು ಹಾಕಿದ ಹಣವನ್ನು ತರಲಿಲ್ಲ. ಪರದೇಶದಲ್ಲಿ ಮನ್ನಣೆ, ಸ್ವದೇಶದಲ್ಲಿ ನಷ್ಟ ಎಂಬ ಈ ಮೊದಲ ಅನುಭವವನ್ನು ಮರೆತು ರಾಯ್ ಅವರ ಮುಂದಿನ ಬದುಕನ್ನು ಅರ್ಥಮಾಡಿಕೊಳ್ಳಲು ನನಗೆ ಸಾಧ್ಯವಾಗಿಲ್ಲ. ನನ್ನ ಅನಿಸಿಕೆ ಇಷ್ಟು: 1939ರ ಯುದ್ಧವೇ ಬಾಂಬೆ ಟಾಕೀಸನ್ನು ಮುಗಿಸಿತು, ಉಳಿದದ್ದೆಲ್ಲ ಅದರ ಹಿಂದೆಯೇ ಬಂದದ್ದು. ತಾವುಗಳು ಏನೆನ್ನುತ್ತೀರಿ?

ಮೂಕಿಚಿತ್ರಗಳ ವಿದ್ಯಾರ್ಥಿನಿ

ಮಾನ್ಯರೇ, ಒಳ್ಳೆಯ ಚರ್ಚೆಯನ್ನು ತೆರೆದಿದ್ದೀರಿ. ಯುದ್ಧದ ಮಾತಿಗೆ ಬರುವ ಮೊದಲು 1925ರಿಂದ 1934ರವರೆಗಿನ ಅವಧಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಸಂಸ್ಥೆಯ ಸ್ವರೂಪ ನಿರ್ಧಾರವಾದದ್ದು ಆ ವರ್ಷಗಳಲ್ಲಿ.

ಮೊದಲ ಚಿತ್ರದ ನಂತರ ರಾಯ್ ಇನ್ನೆರಡು ಮೂಕಿಚಿತ್ರಗಳನ್ನು ಮಾಡಿದರು. 1928ರ ‘ಶಿರಾಜ್’ ತಾಜಮಹಲಿನ ವಿನ್ಯಾಸಕಾರನ ಕಲ್ಪಿತ ಕಥೆ. 1929ರ ‘ಎ ಥ್ರೋ ಆಫ್ ಡೈಸ್’ ಮಹಾಭಾರತದ ದ್ಯೂತದ ಎಳೆಯನ್ನು ಹಿಡಿದ, ಇಬ್ಬರು ರಾಜರ ಕಥೆ. ಇವೆರಡರಲ್ಲಿ ಜರ್ಮನಿಯ ಊಫಾ ಮತ್ತು ಇಂಗ್ಲೆಂಡಿನ ಸಂಸ್ಥೆಗಳು ಪಾಲುದಾರರಾಗಿದ್ದವು. ಮೊದಲನೆಯದರಲ್ಲಿ ರಾಯ್ ಪ್ರೇಮಕ್ಕಾಗಿ ಕಣ್ಣು ಕಳೆದುಕೊಳ್ಳುವ ಶಿಲ್ಪಿ, ಎರಡನೆಯದರಲ್ಲಿ ಕಪಟ ದಾಳಗಳಿಂದ ರಾಜ್ಯವನ್ನೂ ಹೆಣ್ಣನ್ನೂ ಗೆಲ್ಲಹೊರಟ ಖಳ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಈಚೆಗೆ ಪುನರುಜ್ಜೀವನಗೊಳಿಸಿದ ‘ಶಿರಾಜ್’ ಚಿತ್ರದ ಪ್ರತಿಯನ್ನು ನೋಡಿದವರಿಗೆ ಗೊತ್ತಿರುತ್ತದೆ, ಬೆಳಕು ಮತ್ತು ಕಲ್ಲಿನ ಕೆತ್ತನೆಗಳನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಆ ಕೌಶಲ ಇಂದಿಗೂ ಹಳತಾಗಿಲ್ಲ.

ನಾನು ಗಮನ ಸೆಳೆಯಬಯಸುವುದು ಬೇರೊಂದು ಸಂಗತಿಯ ಕಡೆಗೆ. ಈ ಮೂರೂ ಚಿತ್ರಗಳು ಯುರೋಪಿನ ಪ್ರೇಕ್ಷಕನಿಗಾಗಿ ರೂಪುಗೊಂಡವು. ‘ಪ್ರೇಮ್ ಸನ್ಯಾಸ್’ ಆರಂಭವಾಗುವುದೇ ಭಾರತ ನೋಡಲು ಬಂದ ಬಿಳಿಯ ಪ್ರವಾಸಿಗರಿಂದ. ಅವರಿಗೆ ಒಬ್ಬ ವೃದ್ಧ ಬೋಧಿವೃಕ್ಷದ ಬಳಿ ಬುದ್ಧನ ಕಥೆಯನ್ನು ಹೇಳುತ್ತಾನೆ. ಮೂಕಿಯ ಕಾಲದಲ್ಲಿ ಇದು ಸಾಧ್ಯವಿತ್ತು, ಏಕೆಂದರೆ ಶೀರ್ಷಿಕೆಯ ಪಟ್ಟಿಗಳನ್ನು ಬದಲಿಸಿದರೆ ಅದೇ ಚಿತ್ರ ಬರ್ಲಿನ್ನಿಗೂ ಲಂಡನ್ನಿಗೂ ಮುಂಬಯಿಗೂ ಸಲ್ಲುತ್ತಿತ್ತು. ಮಾತು ಬಂದ ಕೂಡಲೇ ಆ ಸೇತುವೆ ಮುರಿಯಿತು. ರಾಯ್ ಹಟ ಬಿಡದೆ 1933ರಲ್ಲಿ ‘ಕರ್ಮ’ ಚಿತ್ರವನ್ನು ಇಂಗ್ಲಿಷಿನಲ್ಲಿ ಮಾಡಿದರು. ನಾಯಕಿಯಾಗಿ ಪತ್ನಿ ದೇವಿಕಾ ರಾಣಿ, ನಾಯಕನಾಗಿ ತಾವೇ. ಲಂಡನ್ನಿನ ಪತ್ರಿಕೆಗಳು ಆಕೆಯ ರೂಪವನ್ನೂ ಉಚ್ಚಾರಣೆಯನ್ನೂ ಕೊಂಡಾಡಿದವು. ಹಿಂದಿ ಆವೃತ್ತಿ ಇಲ್ಲಿ ನಡೆಯಲಿಲ್ಲ. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದದ್ದರಿಂದ ಅಲ್ಲಿನ ಹಳೆಯ ಪಾಲುದಾರಿಕೆಯ ದಾರಿಯೂ ಮುಚ್ಚಿತು. ರಾಯ್ ಭಾರತಕ್ಕೆ ಮರಳಿದ್ದು ಈ ಎರಡು ಬಾಗಿಲುಗಳು ಮುಚ್ಚಿದ ಮೇಲೆ.

ಒಂದು ಬೇಸರವನ್ನೂ ಹೇಳಿಬಿಡುತ್ತೇನೆ. ‘ಕರ್ಮ’ ಎಂದೊಡನೆ ಎಲ್ಲರೂ ಅದರಲ್ಲಿನ ಚುಂಬನದ ದೃಶ್ಯವನ್ನಷ್ಟೇ ನೆನೆಯುತ್ತಾರೆ. ದೇವಿಕಾ ರಾಣಿ ಲಂಡನ್ನಿನಲ್ಲಿ ಜವಳಿ ವಿನ್ಯಾಸ ಕಲಿತವರು, ‘ಎ ಥ್ರೋ ಆಫ್ ಡೈಸ್’ ಚಿತ್ರದ ವಿನ್ಯಾಸ ವಿಭಾಗದಲ್ಲಿ ದುಡಿದವರು, ಬರ್ಲಿನ್ನಿನ ಊಫಾ ಸ್ಟುಡಿಯೋದಲ್ಲಿ ಚಿತ್ರ ತಯಾರಿಕೆಯ ನಾನಾ ವಿಭಾಗಗಳನ್ನು ಹತ್ತಿರದಿಂದ ಅಭ್ಯಾಸ ಮಾಡಿದವರು. ಬಾಂಬೆ ಟಾಕೀಸ್ ಸ್ಥಾಪನೆಯಲ್ಲಿ ಅವರು ಸಮಾನ ಪಾಲಿನ ಶ್ರಮಿಕರು. ಅದನ್ನು ಬಿಟ್ಟು ಅವರನ್ನು ಸುಂದರ ನಾಯಕಿಯೆಂದಷ್ಟೇ ಬರೆಯುವುದು ಅನ್ಯಾಯ.

ನಿವೃತ್ತ ಲೆಕ್ಕಪರಿಶೋಧಕ

ನಮಸ್ಕಾರ. ನಾನು ಸಿನಿಮಾ ಕಲೆಯ ಬಗ್ಗೆ ಮಾತನಾಡುವಷ್ಟು ತಿಳಿದವನಲ್ಲ. ಆದರೆ ಮೂವತ್ತೈದು ವರ್ಷ ಕಂಪನಿಗಳ ಲೆಕ್ಕಪತ್ರ ನೋಡಿದವನಾದ್ದರಿಂದ ಬಾಂಬೆ ಟಾಕೀಸನ್ನು ಒಂದು ಕಂಪನಿಯಾಗಿ ನೋಡಲು ಪ್ರಯತ್ನಿಸಿದ್ದೇನೆ.

ಅಂದಿನ ನಿರ್ಮಾಪಕರಲ್ಲಿ ಬಹುಪಾಲು ಜನ ಚಿತ್ರದಿಂದ ಚಿತ್ರಕ್ಕೆ ಸಾಲ ಎತ್ತಿ ಬದುಕುತ್ತಿದ್ದರು. ಸಾಹುಕಾರರ ಬಡ್ಡಿ ದುಬಾರಿ. ಚಿತ್ರ ಸೋತರೆ ಅದರ ಮೂಲ ನೆಗೆಟಿವ್ ಸಾಲ ಕೊಟ್ಟವನ ಕೈಸೇರುತ್ತಿತ್ತು. ರಾಯ್ ಈ ದಾರಿಯನ್ನು ತುಳಿಯದೆ 25 ಲಕ್ಷ ರೂಪಾಯಿ ಅಧಿಕೃತ ಬಂಡವಾಳದ ಲಿಮಿಟೆಡ್ ಕಂಪನಿಯನ್ನು ನೋಂದಾಯಿಸಿದರು. ನಿರ್ದೇಶಕ ಮಂಡಳಿಯಲ್ಲಿ ಸರ್ ಚಿಮನ್‌ಲಾಲ್ ಸೆಟಲ್ವಾಡ್, ಸರ್ ಕಾವಸ್‌ಜಿ ಜಹಾಂಗೀರ್, ಸರ್ ಫಿರೋಜ್ ಸೇಟ್ನಾ ಅವರಂತಹ ಮುಂಬಯಿಯ ಪ್ರತಿಷ್ಠಿತರು ಇದ್ದರು. ಎಫ್. ಇ. ದಿನ್‌ಶಾ ಅವರಂತಹ ದೊಡ್ಡ ಹಣಕಾಸುದಾರರು ಬೆನ್ನಿಗೆ ನಿಂತರು. ಮಲಾಡ್‌ನಲ್ಲಿ ಸ್ಟುಡಿಯೋ ಎದ್ದದ್ದು ದಿನ್‌ಶಾ ಅವರ ಜಮೀನಿನಲ್ಲಿಯೇ. ಸಿನಿಮಾ ಎಂದರೆ ಮರ್ಯಾದಸ್ಥರು ಮುಖ ತಿರುಗಿಸುತ್ತಿದ್ದ ಕಾಲದಲ್ಲಿ ಸಿನಿಮಾ ಕಂಪನಿಯ ಕಾಗದದ ಮೇಲೆ ಇಂತಹ ಹೆಸರುಗಳು ಬಂದದ್ದೇ ಒಂದು ಸಾಧನೆ.

ಹೋಲಿಕೆಗೆ ನಮ್ಮ ಕನ್ನಡದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅದೇ 1934ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ಚಿತ್ರೀಕರಿಸಲು ಇಡೀ ತಂಡ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋಗೆ ಹೋಗಬೇಕಾಯಿತು. ಅದರ ವೆಚ್ಚ ಸುಮಾರು 40,000 ರೂಪಾಯಿ ಎನ್ನುತ್ತಾರೆ. ಸ್ವಂತ ಧ್ವನಿನಿರೋಧಕ ಅಂಗಳ, ಸ್ವಂತ ಪ್ರಯೋಗಾಲಯ, ಸ್ವಂತ ಪ್ರದರ್ಶನ ಕೊಠಡಿ ಇದ್ದ ಮಲಾಡ್‌ನ ಏರ್ಪಾಡು ಎಷ್ಟು ದೊಡ್ಡದಿತ್ತೆಂಬುದು ಆಗ ಮನಸ್ಸಿಗೆ ಬರುತ್ತದೆ.

ಇಷ್ಟಿದ್ದರೂ ದೋಷ ಎಲ್ಲಿತ್ತು? ಮಂಡಳಿಯಲ್ಲಿದ್ದ ಮಹನೀಯರಿಗೆ ಹಣ ಗೊತ್ತು, ಕಾನೂನು ಗೊತ್ತು, ಚಿತ್ರ ತಯಾರಿಕೆ ಗೊತ್ತಿಲ್ಲ. ಚಿತ್ರ ತಯಾರಿಕೆ ಬಲ್ಲವರಿಗೆ ಮಂಡಳಿಯಲ್ಲಿ ಸ್ಥಾನವಿಲ್ಲ. ಈ ಎರಡು ಲೋಕಗಳ ನಡುವೆ ಇದ್ದ ಒಂದೇ ಕೊಂಡಿ ರಾಯ್. ಯಾವ ಕಥೆ, ಯಾರ ಅಭಿನಯ, ಎಷ್ಟು ಖರ್ಚು ಎಂಬ ಪ್ರತಿಯೊಂದು ನಿರ್ಧಾರವೂ ಅವರ ಮೇಜಿನ ಮೇಲಿಂದಲೇ ಹಾದುಹೋಗುತ್ತಿತ್ತು. ಕಂಪನಿ ಎಂಬುದು ಒಬ್ಬ ವ್ಯಕ್ತಿಯ ಆಯಸ್ಸನ್ನು ಮೀರಿ ಬಾಳಲಿ ಎಂದೇ ಕಾನೂನು ಅದಕ್ಕೆ ಪ್ರತ್ಯೇಕ ಅಸ್ತಿತ್ವ ಕೊಡುತ್ತದೆ. ಬಾಂಬೆ ಟಾಕೀಸ್‌ನಲ್ಲಿ ಆ ಅಸ್ತಿತ್ವ ಕಾಗದದ ಮೇಲಷ್ಟೇ ಇತ್ತು. ಆದ್ದರಿಂದ ಯುದ್ಧವೇ ಕಾರಣ ಎಂಬ ತಮ್ಮ ಮಾತನ್ನು ನಾನು ಒಪ್ಪಲಾರೆ.

ಮಲ್ಲೇಶ್ವರದ ಓದುಗ

ಲೆಕ್ಕಪರಿಶೋಧಕರ ಮಾತಿಗೆ ಗೌರವ ಸಲ್ಲಿಸುತ್ತಲೇ ನನ್ನ ವಾದವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತೇನೆ. ಬಾಂಬೆ ಟಾಕೀಸ್‌ನ ಚಿತ್ರಗಳನ್ನು ಬೇರೆ ಸಂಸ್ಥೆಗಳ ಚಿತ್ರಗಳಿಂದ ಪ್ರತ್ಯೇಕಿಸುತ್ತಿದ್ದದ್ದು ಅವುಗಳ ತಾಂತ್ರಿಕ ಅಚ್ಚುಕಟ್ಟುತನ. ಅದರ ಹಿಂದೆ ಇದ್ದವರು ಓಸ್ಟನ್, ವಿರ್ಷಿಂಗ್, ಸೆಟ್ ವಿನ್ಯಾಸಕಾರ ಕಾರ್ಲ್ ಫಾನ್ ಸ್ಪ್ರೇಟಿ ಮುಂತಾದ ಜರ್ಮನರು. ಓಸ್ಟನ್ ಒಬ್ಬರೇ ಇಲ್ಲಿ 16 ಚಿತ್ರಗಳನ್ನು ನಿರ್ದೇಶಿಸಿದರು. ಹಿಂದಿ ಬಾರದ ಆ ನಿರ್ದೇಶಕರು 1936ರ ‘ಅಛೂತ್ ಕನ್ಯಾ’ (ಅಸ್ಪೃಶ್ಯ ಕನ್ಯೆ) ಚಿತ್ರದಂತಹ ಹಳ್ಳಿಯ ಕಥೆಯನ್ನು ತೆಗೆದರು ಎಂಬುದು ನನಗೆ ಇಂದಿಗೂ ವಿಸ್ಮಯ. ರೈಲ್ವೆ ಗೇಟಿನ ಕಾವಲುಗಾರನ ಮಗಳು ಕಸ್ತೂರಿ, ಬ್ರಾಹ್ಮಣರ ಹುಡುಗ ಪ್ರತಾಪ್. ನಿರಂಜನ್ ಪಾಲ್ ಬರೆದ ಆ ಕಥೆಯಲ್ಲಿ ಗೇಟು, ಹಳಿ ಮತ್ತು ಬರುವ ರೈಲು ಎಷ್ಟು ಸರಳವಾಗಿ ಊರಿನ ಗಡಿಗಳಾಗಿಬಿಡುತ್ತವೆ! ಕೊನೆಯ ದೃಶ್ಯ ಬರುವುದಕ್ಕೆ ಬಹಳ ಮೊದಲೇ ನಮಗೆ ಆ ಹಳಿಗಳ ಭಯ ಹುಟ್ಟಿರುತ್ತದೆ.

1939ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಭಾರತದಲ್ಲಿದ್ದ ಜರ್ಮನ್ ಪ್ರಜೆಗಳನ್ನು ಸರ್ಕಾರ ಬಂಧಿಸಿ ಶಿಬಿರಗಳಲ್ಲಿ ಇರಿಸಿತು. ಕೆಲಸದ ನಡುವೆಯೇ ಸ್ಟುಡಿಯೋದ ಪ್ರಮುಖ ಕೈಗಳನ್ನು ಕಿತ್ತುಕೊಂಡಂತಾಯಿತು. ರಾಯ್ ಹಗಲಿರುಳು ದುಡಿದು ಆ ಕೊರತೆಯನ್ನು ತಾವೇ ತುಂಬಲು ಹೊರಟರು, ನರಗಳು ಸೋತವು, ಎಂಟು ತಿಂಗಳಲ್ಲಿ ತೀರಿಕೊಂಡರು. ಇದನ್ನು ಯುದ್ಧದ ಪೆಟ್ಟು ಎನ್ನದೆ ಏನೆನ್ನಬೇಕು?

ಮೂಕಿಚಿತ್ರಗಳ ವಿದ್ಯಾರ್ಥಿನಿ

ಓಸ್ಟನ್ ಅವರ ಕಲೆಯನ್ನು ಮೆಚ್ಚುವಾಗ, ಅವರು 1936ರಲ್ಲಿ ನಾಜಿ ಪಕ್ಷದ ಸದಸ್ಯತ್ವ ಪಡೆದಿದ್ದರೆಂಬ ಸಂಗತಿಯನ್ನೂ ನಾವು ಮರೆಮಾಚಬಾರದು. ಅಸ್ಪೃಶ್ಯತೆಯ ಕ್ರೌರ್ಯವನ್ನು ತೋರಿಸುವ ಚಿತ್ರ ತೆಗೆದ ವರ್ಷವೂ ಅದೇ ಆಗಿರುವುದು ನನ್ನನ್ನು ಬಹಳ ಕಲಕುತ್ತದೆ. ಇದಕ್ಕೆ ಸಮಾಧಾನಕರವಾದ ವಿವರಣೆ ನನ್ನ ಬಳಿ ಇಲ್ಲ.

ಯುದ್ಧದ ಪೆಟ್ಟು ನಿಜ. ಆದರೆ ಆ ಪೆಟ್ಟಿನ ನಂತರ ಏನಾಯಿತು ನೋಡಿ. ‘ಕಂಗನ್’ (1939), ‘ಬಂಧನ್’ (1940), ‘ಝೂಲಾ’ (1941), ‘ಕಿಸ್ಮತ್’ (1943): ಸಾಲಾಗಿ ಗೆಲುವು. ಕೋಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ‘ಕಿಸ್ಮತ್’ ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಜರ್ಮನರು ಹೋದ ಮೇಲೆ ತಾಂತ್ರಿಕ ಮಟ್ಟ ಕುಸಿಯಲಿಲ್ಲ, ಏಕೆಂದರೆ ಅವರ ಕೈಕೆಳಗೆ ಭಾರತೀಯ ಯುವಕರು ಕಲಿಯುವಂತೆ ರಾಯ್ ಮೊದಲಿನಿಂದಲೇ ವ್ಯವಸ್ಥೆ ಮಾಡಿದ್ದರು. ವಿಶ್ವವಿದ್ಯಾಲಯದಲ್ಲಿ ಓದಿದ ಪದವೀಧರರನ್ನು ಹುಡುಕಿ ಸೇರಿಸಿಕೊಂಡರು. ಪ್ರಯೋಗಾಲಯದ ಸಹಾಯಕನಾಗಿ ಬಂದ ಕುಮುದ್‌ಲಾಲ್ ಗಂಗೂಲಿ ಅಲ್ಲಿಯೇ ಅಶೋಕ್ ಕುಮಾರ್ ಆದರು. ಅವರ ಭಾವ ಶಶಧರ್ ಮುಖರ್ಜಿ ಧ್ವನಿ ವಿಭಾಗದಿಂದ ನಿರ್ಮಾಪಕರ ಸ್ಥಾನಕ್ಕೆ ಏರಿದರು. ಪಾರ್ಸಿ ಮನೆತನದ ಖುರ್ಷಿದ್ ಹೋಮ್‌ಜಿ ಅವರನ್ನು ಸಂಗೀತ ನಿರ್ದೇಶಕಿಯಾಗಿ ಕರೆತಂದಾಗ ಅವರ ಸಮುದಾಯದಿಂದ ಪ್ರತಿಭಟನೆಯೇ ಎದ್ದಿತು. ರಾಯ್ ಮಣಿಯಲಿಲ್ಲ, ಸರಸ್ವತಿ ದೇವಿ ಎಂಬ ಹೆಸರಿನಲ್ಲಿ ಆಕೆ ವರ್ಷಾನುವರ್ಷ ಸಂಗೀತ ನೀಡಿದರು. ಸ್ಟುಡಿಯೋದ ಕ್ಯಾಂಟೀನಿನಲ್ಲಿ ಜಾತಿಭೇದವಿಲ್ಲದೆ ಎಲ್ಲರೂ ಒಟ್ಟಿಗೆ ಊಟ ಮಾಡುತ್ತಿದ್ದರು. 1930ರ ದಶಕದಲ್ಲಿ ಇದು ಸಣ್ಣ ಮಾತಲ್ಲ.

ಹೀಗೆ ಕೆಲಸ ಕಲಿಸುವ ವಿಷಯದಲ್ಲಿ ರಾಯ್ ಬಹಳ ದೂರ ನೋಡಿದ್ದರು. ತಮ್ಮ ನಂತರ ಯಾರು ಎಂಬ ಒಂದನ್ನು ಮಾತ್ರ ನೋಡಿರಲಿಲ್ಲ.

ನಿವೃತ್ತ ಲೆಕ್ಕಪರಿಶೋಧಕ

ಸೋದರಿ ಹೇಳಿದ ಕೊನೆಯ ಮಾತಿನಿಂದಲೇ ಮುಂದುವರಿಸುತ್ತೇನೆ. ರಾಯ್ ತೀರಿಕೊಂಡ ಮೇಲೆ ತಯಾರಿಕೆಯ ಹೊಣೆಯನ್ನು ಎರಡು ತಂಡಗಳಿಗೆ ಹಂಚಲಾಯಿತು. ಒಂದು ದೇವಿಕಾ ರಾಣಿಯವರ ಕಡೆ, ಅಮಿಯ ಚಕ್ರವರ್ತಿಯವರೊಂದಿಗೆ. ಇನ್ನೊಂದು ಶಶಧರ್ ಮುಖರ್ಜಿಯವರ ಕಡೆ. ಒಂದು ಚಿತ್ರ ಇವರದು, ಮುಂದಿನದು ಅವರದು ಎಂಬ ಕ್ರಮ. ಹೊರಗಿನಿಂದ ನೋಡಿದರೆ ನ್ಯಾಯವಾಗಿ ಕಾಣುವ ಏರ್ಪಾಡು. ಆದರೆ ಒಂದೇ ಕಂಪನಿಯಲ್ಲಿ ಎರಡು ಮನೆಗಳು ಹುಟ್ಟಿದವು. ಒಂದು ಮನೆಯ ಗೆಲುವು ಇನ್ನೊಂದು ಮನೆಗೆ ಗೆಲುವೆನಿಸಲಿಲ್ಲ. 1943ರಲ್ಲಿ ‘ಕಿಸ್ಮತ್’ ಹಣದ ಹೊಳೆ ಹರಿಸಿದ ವರ್ಷವೇ ಮುಖರ್ಜಿ, ಅಶೋಕ್ ಕುಮಾರ್, ‘ಕಿಸ್ಮತ್’ ನಿರ್ದೇಶಿಸಿದ ಜ್ಞಾನ್ ಮುಖರ್ಜಿ ಮತ್ತು ರಾಯ್ ಬಹದ್ದೂರ್ ಚುನೀಲಾಲ್ ಹೊರಬಂದು ಗೋರೆಗಾಂವ್‌ನಲ್ಲಿ ಫಿಲ್ಮಿಸ್ತಾನ್ ಎಂಬ ಬೇರೆ ಸ್ಟುಡಿಯೋವನ್ನು ಸ್ಥಾಪಿಸಿದರು. (ಈ ಚುನೀಲಾಲ್ ಅವರು ಸಂಗೀತ ನಿರ್ದೇಶಕ ಮದನ್ ಮೋಹನ್ ಅವರ ತಂದೆ.) ಅತಿ ದೊಡ್ಡ ಲಾಭ ಬಂದ ವರ್ಷವೇ ಒಡೆದ ಕಂಪನಿಯನ್ನು ನಷ್ಟದಿಂದ ಬಿದ್ದದ್ದು ಎನ್ನಲಾಗದು.

ಯುದ್ಧದ ಪಾತ್ರವನ್ನು ನಾನು ಬೇರೆ ಬಗೆಯಲ್ಲಿ ಒಪ್ಪುತ್ತೇನೆ. ಯುದ್ಧಕಾಲದ ಗುತ್ತಿಗೆಗಳಲ್ಲಿ, ಕಾಳಸಂತೆಯಲ್ಲಿ ಗಳಿಸಿದ ಲೆಕ್ಕವಿಲ್ಲದ ಹಣ ಚಿತ್ರರಂಗಕ್ಕೆ ನುಗ್ಗಿತು. ಹೊಸ ನಿರ್ಮಾಪಕರು ತಾರೆಯರಿಗೆ ಒಂದೊಂದು ಚಿತ್ರಕ್ಕೂ ಪ್ರತ್ಯೇಕವಾಗಿ, ಕೈತುಂಬ ನಗದು ಕೊಡತೊಡಗಿದರು. ತಿಂಗಳ ಸಂಬಳಕ್ಕೆ, ರಶೀದಿ ಬರೆದು, ಲೆಕ್ಕ ಒಪ್ಪಿಸಿ ನಡೆಯುವ ಸ್ಟುಡಿಯೋ ಇದರೊಂದಿಗೆ ಪೈಪೋಟಿ ಮಾಡುವುದಾದರೂ ಹೇಗೆ? ಪ್ರಾಮಾಣಿಕವಾಗಿ ಲೆಕ್ಕವಿಟ್ಟದ್ದೇ ಅಂತಹ ಸಂಸ್ಥೆಗಳಿಗೆ ಭಾರವಾಯಿತೆಂಬುದನ್ನು ವೃತ್ತಿಯಿಂದ ಲೆಕ್ಕಿಗನಾದ ನಾನು ನೋವಿನಿಂದಲೇ ಬರೆಯುತ್ತಿದ್ದೇನೆ.

ಕನಕಪುರ ರಸ್ತೆಯ ನಿವಾಸಿ

ಎಲ್ಲರ ಮಾತುಗಳನ್ನೂ ಓದಿದೆ. ಈ ಕಥೆಯ ಉತ್ತರಾರ್ಧ ನಮ್ಮ ಊರಿನ ಪಕ್ಕದಲ್ಲಿಯೇ ನಡೆದದ್ದರಿಂದ ಕೆಲವು ಸಾಲುಗಳನ್ನು ಸೇರಿಸುತ್ತೇನೆ.

ಫಿಲ್ಮಿಸ್ತಾನ್ ಬೇರೆಯಾದ ನಂತರವೂ ದೇವಿಕಾ ರಾಣಿ ಸಂಸ್ಥೆಯನ್ನು ನಡೆಸಿದರು. 1944ರ ‘ಜ್ವಾರ್ ಭಾಟಾ’ ಚಿತ್ರಕ್ಕಾಗಿ ದಿಲೀಪ್ ಕುಮಾರ್ ಅವರನ್ನು ಆರಿಸಿ, ಆ ಹೆಸರನ್ನು ಕೊಟ್ಟವರು ಅವರೇ. 1945ರಲ್ಲಿ ತಮ್ಮ ಷೇರುಗಳನ್ನು ಮಾರಿ, ರಷ್ಯನ್ ಚಿತ್ರಕಲಾವಿದ ಸ್ವೆಟೊಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ ಮುಂಬಯಿಯನ್ನು ಬಿಟ್ಟರು. ಮುಂದೆ ಈ ದಂಪತಿ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದರು. ಸುಮಾರು 468 ಎಕರೆಯ ಆ ಜಾಗದಲ್ಲಿ ಸುಗಂಧ ತೈಲ ಕೊಡುವ ಲಿನಲೋ ಮರಗಳನ್ನು ಬೆಳೆಸಿದರು. ರೋರಿಕ್ 1993ರ ಜನವರಿಯಲ್ಲಿ, ದೇವಿಕಾ ರಾಣಿ 1994ರ ಮಾರ್ಚಿನಲ್ಲಿ ತೀರಿಕೊಂಡರು. ಮಕ್ಕಳಿಲ್ಲದ ಆ ದಂಪತಿಯ ಎಸ್ಟೇಟಿಗಾಗಿ ವ್ಯಾಜ್ಯಗಳು ಹುಟ್ಟಿದವು. ಕರ್ನಾಟಕ ಸರ್ಕಾರ 1996ರಲ್ಲಿ ಕಾಯ್ದೆ ಮಾಡಿ ಅದನ್ನು ವಶಕ್ಕೆ ಪಡೆಯಲು ಮುಂದಾಯಿತು. ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿದದ್ದು 2011ರಲ್ಲಿ.

ಇದನ್ನು ಏಕೆ ಬರೆದೆನೆಂದರೆ, ನಾನು ಚಿಕ್ಕವನಿದ್ದಾಗ ನಮ್ಮ ತಂದೆ ಬಸ್ಸಿನ ಕಿಟಕಿಯಿಂದ ಆ ಮರಗಳ ಕಡೆ ಕೈ ತೋರಿಸಿ, “ಅಲ್ಲಿ ದೇವಿಕಾ ರಾಣಿ ಇದ್ದಾರೆ” ಎನ್ನುತ್ತಿದ್ದರು. ಹಿಮಾಂಶು ರಾಯ್ ಎಂಬ ಹೆಸರನ್ನು ಅವರು ಒಮ್ಮೆಯೂ ಹೇಳಿದ ನೆನಪಿಲ್ಲ. 1969ನೆಯ ಸಾಲಿನ ಮೊಟ್ಟಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ದೇವಿಕಾ ರಾಣಿಯವರಿಗೆ ಸಂದಾಗಲಾದರೂ ರಾಯ್ ಅವರನ್ನು ನೆನೆದವರು ಎಷ್ಟು ಮಂದಿಯೋ.

ಮಲ್ಲೇಶ್ವರದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ನನ್ನ ಮೊದಲ ಅಭಿಪ್ರಾಯವನ್ನು ತಿದ್ದಿಕೊಳ್ಳುತ್ತೇನೆ. ಯುದ್ಧ ರಾಯ್ ಅವರನ್ನು ಬಲಿ ತೆಗೆದುಕೊಂಡಿತು ಎಂಬುದನ್ನು ಈಗಲೂ ನಂಬುತ್ತೇನೆ. ಸಂಸ್ಥೆಯನ್ನು ಬಲಿ ತೆಗೆದುಕೊಂಡದ್ದು ಅವರ ಖಾಲಿ ಕುರ್ಚಿಗಾಗಿ ನಡೆದ ಕಲಹ. ಓಸ್ಟನ್ ಹೋದರೆ ಚಿತ್ರ ಮುಗಿಸಬಲ್ಲವರು ಅಲ್ಲಿದ್ದರು, ವಿರ್ಷಿಂಗ್ ಹೋದರೆ ಕ್ಯಾಮೆರಾ ಹಿಡಿಯಬಲ್ಲವರಿದ್ದರು. ಮಂಡಳಿಯ ಸಾಹುಕಾರರಿಗೂ ಸೆಟ್ಟಿನ ಬಡಗಿಗೂ ಒಂದೇ ದಿನ ಉತ್ತರ ಹೇಳಬಲ್ಲ ಇನ್ನೊಬ್ಬರನ್ನು ರಾಯ್ ತಯಾರು ಮಾಡಲಿಲ್ಲ, ಅಥವಾ ಮಾಡಲು ಅವರಿಗೆ ಸಮಯ ಸಿಗಲಿಲ್ಲ. ಆರೇ ವರ್ಷಗಳಲ್ಲಿ ಎಲ್ಲವನ್ನೂ ಕಟ್ಟಬೇಕಾಗಿದ್ದ ವ್ಯಕ್ತಿಯ ಮೇಲೆ ಈ ಆರೋಪ ಹೊರಿಸುವಾಗ ನನಗೆ ಸಂಕೋಚವಾಗುತ್ತದೆ.

ಕೊನೆಯ ವರ್ಷಗಳ ವಿವರವನ್ನು ಪೂರ್ಣಗೊಳಿಸಲು ಇಷ್ಟನ್ನು ಸೇರಿಸುತ್ತೇನೆ. ಅಶೋಕ್ ಕುಮಾರ್ ಮತ್ತು ಧ್ವನಿ ತಂತ್ರಜ್ಞ ಸಾವಕ್ ವಾಚಾ ಮರಳಿ ಬಂದು ಸಂಸ್ಥೆಯನ್ನು ವಹಿಸಿಕೊಂಡರು. 1948ರಲ್ಲಿ ‘ಜಿದ್ದಿ’, 1949ರಲ್ಲಿ ‘ಮಹಲ್’ ಬಂದವು. ಶಿಬಿರದಿಂದ ಬಿಡುಗಡೆಯಾಗಿ ಭಾರತದಲ್ಲಿಯೇ ಉಳಿದಿದ್ದ ವಿರ್ಷಿಂಗ್ ‘ಮಹಲ್’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ನೆರಳು, ಉಯ್ಯಾಲೆ, ಖಾಲಿ ಹಜಾರಗಳ ಆ ಚಿತ್ರವನ್ನು ನೋಡುವಾಗ 1925ರಲ್ಲಿ ಜೈಪುರಕ್ಕೆ ಬಂದಿಳಿದ ಯುವಕನ ಕಣ್ಣನ್ನು ನಾನು ಗುರುತಿಸಬಲ್ಲೆ. ಅಷ್ಟಾದರೂ ಸಾಲ ತೀರಲಿಲ್ಲ. ಮಾಲೀಕತ್ವ ಕೈ ಬದಲಾಯಿಸಿತು. ಸಂಬಳ ಬಾರದ ಕೆಲಸಗಾರರೇ ಒಟ್ಟುಗೂಡಿ, ಸಂಸ್ಥೆಯನ್ನು ಉಳಿಸಿಕೊಳ್ಳಲು 1954ರಲ್ಲಿ ‘ಬಾದ್‌ಬಾನ್’ ಚಿತ್ರವನ್ನು ತಯಾರಿಸಿದರು. ನಟರೂ ತಂತ್ರಜ್ಞರೂ ಅವರಿಗೆ ನೆರವಾದರು. ಅದು ಕೊನೆಯ ಚಿತ್ರವಾಯಿತು.

ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ಮುಂಬಯಿಗೆ ಹೋದಾಗ ಮಲಾಡ್ ಪಶ್ಚಿಮದಲ್ಲಿ ಆ ಜಾಗವನ್ನು ಹುಡುಕಿಕೊಂಡು ಹೋಗಿದ್ದೆ. ಸಣ್ಣ ಸಣ್ಣ ಕಾರ್ಖಾನೆಗಳು, ಗೋದಾಮುಗಳು, ಇಕ್ಕಟ್ಟಾದ ದಾರಿ. ಆಟೋ ಚಾಲಕನಿಗೆ ರಾಯ್ ಅವರ ಹೆಸರು ಗೊತ್ತಿರಲಿಲ್ಲ. ಆದರೆ “ಬಾಂಬೆ ಟಾಕೀಸ್ ಕಂಪೌಂಡ್” ಎಂದ ಕೂಡಲೇ, ಬೇರೇನನ್ನೂ ಕೇಳದೆ, ನೇರವಾಗಿ ಅಲ್ಲಿಗೆ ಕರೆದೊಯ್ದ.